ಅಳತೆಯೂ ಅಭಿಪ್ರಾಯವೂ

ಸುಗ್ಗಿಯ ಕಾಲದಲ್ಲಿ ಕಣದ ನಡುವೆ ರಾಶಿ ನಿಂತಾಗ ಅದನ್ನು ಅಳೆಯುವುದಕ್ಕೆ ಕೊಳಗವನ್ನು ತರುವ ವಾಡಿಕೆ ನಮ್ಮ ಹಳ್ಳಿಗಳಲ್ಲಿತ್ತು. ರಾಶಿಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಕುರಿತು ಒಡೆಯನಿಗೂ ಗೇಣಿದಾರನಿಗೂ, ಅಣ್ಣನಿಗೂ ತಮ್ಮನಿಗೂ ವಾದ ನಡೆಯುತ್ತಿದ್ದುದುಂಟು. ಆ ವಾದದಲ್ಲಿ ನ್ಯಾಯವಿರಬಹುದು, ಅನ್ಯಾಯವೂ ಇರಬಹುದು. ಆದರೆ ವಾದಿಸುವವರೆಲ್ಲರೂ ಒಂದು ಮಾತನ್ನು ಮೊದಲೇ ಒಪ್ಪಿರುತ್ತಿದ್ದರು: ಕೊಳಗ ಎಲ್ಲರಿಗೂ ಒಂದೇ. ತನ್ನ ಪಾಲು ಕಡಿಮೆಯಾದೀತೆಂಬ ಭಯದಿಂದ ಒಬ್ಬನು ಕಣದಲ್ಲಿ ರಾಶಿಯೇ ಇಲ್ಲವೆಂದು ಸಾಧಿಸಹೊರಟರೆ ಆ ವಾದ ಮುಂದೆ ಸಾಗುವುದೆಂತು? ಅಳತೆಯಲ್ಲಿ ಒಮ್ಮತವಿದ್ದರೆ ಮಾತ್ರ ಅಭಿಪ್ರಾಯಭೇದಕ್ಕೆ ಬೆಲೆಯುಂಟು. ರಾಷ್ಟ್ರಗಳ ರಾಜಕೀಯದಲ್ಲಿಯೂ ಈ ಮಾತು ಸತ್ಯ. ಅದನ್ನು ಮರೆತರೆ ಒದಗುವ ಹಾನಿಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಾಯುಗುಣ ವಿಜ್ಞಾನವನ್ನು ಕುರಿತು ನಡೆದಿರುವ ವಿವಾದ ಒಂದು ದೊಡ್ಡ ನಿದರ್ಶನ.

2015ರ ಜನವರಿ 21ರಂದು ಆ ದೇಶದ ಸೆನೆಟ್ ಸಭೆಯಲ್ಲಿ ಒಂದು ವಿಚಿತ್ರ ಪ್ರಸಂಗ ನಡೆಯಿತು. ಕೆನಡಾದಿಂದ ತೈಲವನ್ನು ತರುವ ಕೊಳವೆಮಾರ್ಗದ ಮಸೂದೆ ಅಂದು ಚರ್ಚೆಗೆ ಬಂದಿತ್ತು. ಆ ಚರ್ಚೆಯ ನಡುವೆ, ವಾಯುಗುಣ ಬದಲಾಗುತ್ತಿರುವುದು ನಿಜ, ಅದು ಕಟ್ಟುಕಥೆಯಲ್ಲ ಎಂಬ ನಿರ್ಣಯವನ್ನು ಮತಕ್ಕೆ ಹಾಕಲಾಯಿತು. 98 ಮಂದಿ ಪರವಾಗಿಯೂ ಒಬ್ಬರು ವಿರೋಧವಾಗಿಯೂ ಮತ ನೀಡಿದರು. ಅನಂತರ, ಈ ಬದಲಾವಣೆಯಲ್ಲಿ ಮಾನವನ ಚಟುವಟಿಕೆಗಳ ಪಾಲು ಗಣನೀಯವಾದುದು ಎಂಬ ನಿರ್ಣಯ ಬಂತು. ಅದಕ್ಕೆ ದೊರೆತ ಮತಗಳು 50. ವಿರೋಧವಾಗಿ ಬಿದ್ದವು 49. ಸಭೆಯ ನಿಯಮದಂತೆ 60 ಮತಗಳು ಬೇಕಿದ್ದುದರಿಂದ ನಿರ್ಣಯ ಬಿದ್ದುಹೋಯಿತು. ತೆರಿಗೆಯನ್ನು ಏರಿಸಬೇಕೆ, ಇಳಿಸಬೇಕೆ ಎಂಬುದನ್ನು ಮತದಿಂದ ತೀರ್ಮಾನಿಸಬಹುದು. ಗಾಳಿಯಲ್ಲಿ ಯಾವ ಅನಿಲ ಏತಕ್ಕಾಗಿ ಹೆಚ್ಚುತ್ತಿದೆ ಎಂಬುದನ್ನು ಕೈಯೆತ್ತಿ ತೀರ್ಮಾನಿಸಲು ಬರುತ್ತದೆಯೆ? ಅದು ಪ್ರಯೋಗಶಾಲೆಯ ಪ್ರಶ್ನೆ. ಅದಕ್ಕೆ ಉತ್ತರವೂ ಅಲ್ಲಿಯೇ ದೊರಕಬೇಕು.

ಆ ಉತ್ತರ ನಿನ್ನೆ ಮೊನ್ನೆ ದೊರೆತದ್ದಲ್ಲ. ವಾಯುಮಂಡಲವು ಭೂಮಿಯ ಶಾಖವನ್ನು ಹಿಡಿದಿಡುತ್ತದೆ ಎಂಬ ವಿಚಾರವನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೇ 1824ರಲ್ಲಿಯೇ ಮಂಡಿಸಿದನು. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಒಳಗೆ ಉಷ್ಣಮಾಪಕಗಳನ್ನಿರಿಸಿ, ಬಿಸಿಲಿಗೆ ಇಟ್ಟು ನೋಡಿದಳು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಬಿಸಿಯಾಯಿತು. ನೆರಳಿಗೆ ತಂದ ಮೇಲೂ ಬಹುಕಾಲ ಬಿಸಿಯಾಗಿಯೇ ಉಳಿಯಿತು. ಮೂರು ವರ್ಷಗಳ ತರುವಾಯ ಬ್ರಿಟನ್ನಿನ ಜಾನ್ ಟಿಂಡಲ್ ಈ ಬಗೆಯ ಅನಿಲಗಳು ಶಾಖಕಿರಣಗಳನ್ನು ಹೀರುವುದನ್ನು ಸೂಕ್ಷ್ಮ ಉಪಕರಣಗಳಿಂದ ತೋರಿಸಿಕೊಟ್ಟನು. 1896ರಲ್ಲಿ ಸ್ವೀಡನ್ನಿನ ಅರ್ಹೀನಿಯಸ್, ಗಾಳಿಯಲ್ಲಿರುವ ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಡಿಗ್ರಿ ಬಿಸಿಯಾದೀತೆಂದು ಲೆಕ್ಕ ಹಾಕಿದನು. ಇವರಲ್ಲಿ ಯಾರೂ ಇಂದಿನ ಯಾವ ಪಕ್ಷಕ್ಕೂ ಸೇರಿದವರಲ್ಲ. ಪ್ರಕೃತಿಯನ್ನು ಪ್ರಶ್ನಿಸಿ, ಅದು ಕೊಟ್ಟ ಉತ್ತರವನ್ನು ಬರೆದಿಟ್ಟವರು ಅಷ್ಟೆ.

ಲೆಕ್ಕವನ್ನು ಅಳತೆಯಿಂದ ಪರೀಕ್ಷಿಸುವ ಕೆಲಸ 20ನೆಯ ಶತಮಾನದಲ್ಲಿ ನಡೆಯಿತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯನ್ನು ಅಳೆಯತೊಡಗಿದನು. ಆಗ ಗಾಳಿಯ 10 ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 2024ರಲ್ಲಿ ಅದರ ವಾರ್ಷಿಕ ಸರಾಸರಿ 420ನ್ನು ಮೀರಿತ್ತು. ಧ್ರುವಪ್ರದೇಶದ ಹಿಮದಲ್ಲಿ ಸಿಕ್ಕಿಕೊಂಡಿರುವ ಪುರಾತನ ಗಾಳಿಗುಳ್ಳೆಗಳನ್ನು ಪರೀಕ್ಷಿಸಿದಾಗ, ಕೈಗಾರಿಕೆಗಳು ಬೆಳೆಯುವ ಮುನ್ನ ಅದು ಸುಮಾರು 280 ಭಾಗ ಮಾತ್ರವಿತ್ತೆಂದು ತಿಳಿದುಬಂದಿದೆ. ಭೂಮಿಯ ಸರಾಸರಿ ಉಷ್ಣತೆಯ ದಾಖಲೆಗಳಲ್ಲಿ 2024 ಅದುವರೆಗಿನ ಎಲ್ಲ ವರ್ಷಗಳಿಗಿಂತ ಬಿಸಿಯಾದುದು. 19ನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ ಆ ವರ್ಷದ ಏರಿಕೆ ಸುಮಾರು 1.5 ಡಿಗ್ರಿ ಸೆಲ್ಸಿಯಸ್.

ಇದು ಮಾನವನ ಕೃತ್ಯವೆಂದು ಹೇಳಲು ಆಧಾರವೇನು ಎಂದು ಕೇಳುವುದು ಯೋಗ್ಯವಾದ ಪ್ರಶ್ನೆಯೇ. ಸೂರ್ಯನ ತಾಪ ಹೆಚ್ಚಿದುದರಿಂದ ಭೂಮಿ ಬಿಸಿಯಾಗಿದ್ದರೆ ವಾಯುಮಂಡಲದ ಕೆಳಪದರವೂ ಮೇಲ್ಪದರವೂ ಒಟ್ಟಿಗೆ ಬಿಸಿಯಾಗಬೇಕಿತ್ತು. ಇಂಗಾಲದ ಡೈಆಕ್ಸೈಡ್ ಕಾರಣವಾಗಿದ್ದರೆ ಕೆಳಪದರ ಬಿಸಿಯಾಗಿ ಮೇಲ್ಪದರ ತಂಪಾಗುವುದೆಂದು ಸ್ಯೂಕುರೊ ಮನಾಬೆ ಮತ್ತು ಅವರ ಸಹೋದ್ಯೋಗಿ 1967ರಲ್ಲಿಯೇ ಲೆಕ್ಕ ಹಾಕಿ ತಿಳಿಸಿದ್ದರು. ಮುಂದೆ ಉಪಗ್ರಹಗಳು ಅಳೆದು ತೋರಿಸಿದ್ದು ಅದನ್ನೇ. ಅಲ್ಲದೆ ಕಲ್ಲಿದ್ದಲಿನಿಂದಲೂ ತೈಲದಿಂದಲೂ ಹೊರಟ ಇಂಗಾಲಕ್ಕೆ ಅದರದೇ ಆದ ಗುರುತುಂಟು. ಕೋಟ್ಯಂತರ ವರ್ಷ ನೆಲದಡಿಯಲ್ಲಿ ಹೂತುಹೋಗಿದ್ದ ಆ ಇಂಗಾಲದಲ್ಲಿ ವಿಕಿರಣಶೀಲ ಅಂಶ ಉಳಿದಿರುವುದಿಲ್ಲ. ಗಾಳಿಯಲ್ಲಿ ಅಂಥ ಹಳೆಯ ಇಂಗಾಲ ಬೆರೆಯುತ್ತಿರುವುದನ್ನು ಅಳೆದು ಹೇಳಬಹುದು.

ವಿಜ್ಞಾನದ ಮಾತಿಗೆ ಬೆಲೆ ಬರುವುದು ಅದು ಮುಂಚಿತವಾಗಿ ನುಡಿದದ್ದು ಮುಂದೆ ನಿಜವಾದಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿ ಅಮೆರಿಕಕ್ಕೆ ತೆರಳಿದ ವಿ. ರಾಮನಾಥನ್ ಅವರು, ಶೈತ್ಯಯಂತ್ರಗಳಲ್ಲಿ ಬಳಸುತ್ತಿದ್ದ ಕ್ಲೋರೊಫ್ಲೂರೊಕಾರ್ಬನ್ ಅನಿಲಗಳೂ ಭೂಮಿಯ ಶಾಖವನ್ನು ಬಲವಾಗಿ ಹಿಡಿದಿಡುತ್ತವೆಂದು 1975ರಲ್ಲಿ ತೋರಿಸಿಕೊಟ್ಟರು. 1980ರಲ್ಲಿ ಅವರೂ ಅವರ ಸಹೋದ್ಯೋಗಿಯೂ, 2000ದ ಹೊತ್ತಿಗೆ ಭೂಮಿಯ ತಾಪದ ಏರಿಕೆ ಸ್ಪಷ್ಟವಾಗಿ ಗೋಚರಿಸುವುದೆಂದು ಮುಂಗಂಡು ಬರೆದರು. ಹಾಗೆಯೇ ಆಯಿತು. ಹಾಗೆಂದು ಈ ವಿಜ್ಞಾನದಲ್ಲಿ ಸಂದೇಹಗಳೇ ಉಳಿದಿಲ್ಲವೆಂದಲ್ಲ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಏರುವ ತಾಪ ಬಹುಮಟ್ಟಿಗೆ 2.5ರಿಂದ 4 ಡಿಗ್ರಿಗಳ ನಡುವೆ ಇದ್ದೀತೆಂದು ವಿಶ್ವಸಂಸ್ಥೆಯ ಆಶ್ರಯದ ವಿಜ್ಞಾನಿಗಳ ಸಮಿತಿ 2021ರಲ್ಲಿ ಹೇಳಿತು. ಎರಡೂವರೆಗೂ ನಾಲ್ಕಕ್ಕೂ ಇರುವ ಅಂತರ ಸಣ್ಣದಲ್ಲ. ಮೋಡಗಳ ವರ್ತನೆಯಂಥ ವಿಷಯಗಳಲ್ಲಿ ಇನ್ನೂ ತಿಳಿಯಬೇಕಾದುದು ಬಹಳವಿದೆ. ಆದರೆ ಭೂಮಿ ಬಿಸಿಯಾಗುತ್ತಿದೆ, ಮನುಷ್ಯನು ಅದನ್ನು ಬಿಸಿಮಾಡುತ್ತಿದ್ದಾನೆ ಎಂಬುದರಲ್ಲಿ ಸಂದೇಹವಿಲ್ಲವೆಂದು ಅದೇ ಸಮಿತಿ ಸ್ಪಷ್ಟವಾಗಿ ಸಾರಿತು.

ಇಂಥ ವಿಷಯ ಪಕ್ಷಗಳ ಜಗಳವಾದದ್ದು ಹೇಗೆ? ಆರಂಭದಲ್ಲಿ ಅದು ಹಾಗಿರಲಿಲ್ಲ. 1965ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಧ್ಯಕ್ಷ ಜಾನ್ಸನ್ನರಿಗೆ ವಿಜ್ಞಾನಿಗಳ ಸಲಹಾ ಸಮಿತಿ ಈ ಅನಿಲದ ಬಗ್ಗೆ ವರದಿ ಒಪ್ಪಿಸಿತು. 1970ರಲ್ಲಿ ಪರಿಸರ ರಕ್ಷಣೆಯ ಸರ್ಕಾರಿ ಸಂಸ್ಥೆಯನ್ನು ಸ್ಥಾಪಿಸಿದವರು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ನಿಕ್ಸನ್. ಓಝೋನ್ ಪದರವನ್ನು ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾದಾಗ ಅದನ್ನು ಬೆಂಬಲಿಸಿದವರು ಅದೇ ಪಕ್ಷದ ರೇಗನ್. ಸೆನೆಟ್ ಸಭೆಯಲ್ಲಿ ಅದಕ್ಕೆ ಒಂದು ವಿರೋಧ ಮತವೂ ಬೀಳಲಿಲ್ಲ. 1988ರ ಜೂನ್ ತಿಂಗಳ ಬಿರುಬಿಸಿಲಿನಲ್ಲಿ ಜೇಮ್ಸ್ ಹ್ಯಾನ್ಸನ್ ಎಂಬ ವಿಜ್ಞಾನಿ ಸೆನೆಟ್ಟಿನ ಸಮಿತಿಯ ಮುಂದೆ ನಿಂತು ಭೂಮಿ ಬಿಸಿಯಾಗುತ್ತಿರುವುದನ್ನು ವಿವರಿಸಿದರು. ಅದೇ ವರ್ಷ ಚುನಾವಣೆಗೆ ನಿಂತಿದ್ದ ರಿಪಬ್ಲಿಕನ್ ಅಭ್ಯರ್ಥಿ ಹಿರಿಯ ಜಾರ್ಜ್ ಬುಷ್, ತಾವು ಗೆದ್ದರೆ ಇದಕ್ಕೆ ಪರಿಹಾರ ಹುಡುಕುವುದಾಗಿ ಮತದಾರರಿಗೆ ಮಾತು ಕೊಟ್ಟರು. 1992ರಲ್ಲಿ ವಾಯುಗುಣವನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಅಮೆರಿಕದ ಪರವಾಗಿ ಸಹಿ ಹಾಕಿದವರೂ ಅವರೇ.

ತೊಡಕು ಹುಟ್ಟಿದ್ದು ಪರಿಹಾರದ ಮಾತು ಬಂದಾಗ. ಕಲ್ಲಿದ್ದಲು, ತೈಲಗಳ ಬಳಕೆಯನ್ನು ತಗ್ಗಿಸಬೇಕಾದರೆ ಕೈಗಾರಿಕೆಗಳಿಗೆ ಕಟ್ಟುಪಾಡುಗಳು ಬೇಕಾಗುತ್ತವೆ, ಖರ್ಚು ತಗಲುತ್ತದೆ, ಸರ್ಕಾರದ ಕೈ ಉದ್ದವಾಗುತ್ತದೆ. 1997ರಲ್ಲಿ ಸೆನೆಟ್ ಸಭೆ, ಮುಂದುವರಿಯುತ್ತಿರುವ ದೇಶಗಳಿಗೆ ಹೊಣೆ ಹೊರಿಸದ, ತನ್ನ ಆರ್ಥಿಕತೆಗೆ ಹಾನಿ ತರುವ ಒಪ್ಪಂದ ತನಗೆ ಬೇಡವೆಂದು 95 ಮತಗಳಿಂದ, ಒಂದೂ ವಿರೋಧವಿಲ್ಲದೆ, ನಿರ್ಣಯಿಸಿತು. ಈ ನಿರ್ಣಯ ಭಾರತದಂಥ ದೇಶಗಳಿಗೆ ಸರಿತೋರಲಿಲ್ಲ. ಗಾಳಿಯಲ್ಲಿ ಕೂಡಿಬಂದ ಅನಿಲದಲ್ಲಿ ಹೆಚ್ಚಿನ ಪಾಲು ಶ್ರೀಮಂತ ದೇಶಗಳದಾಗಿರುವಾಗ ಬಡದೇಶಗಳೂ ಸಮನಾದ ಹೊರೆ ಹೊರಬೇಕೇಕೆ ಎಂಬುದು ಅವುಗಳ ವಾದ. ಇಲ್ಲಿ ಎರಡು ಕಡೆಯವರೂ ರಾಶಿಯನ್ನು ಅಲ್ಲಗಳೆಯಲಿಲ್ಲ. ಪಾಲನ್ನು ಕುರಿತು ವಾದಿಸಿದರು. ಇದು ಸಹಜವಾದ, ಪ್ರಾಮಾಣಿಕವಾದ ರಾಜಕೀಯ.

ಅಲ್ಲಿಂದ ಮುಂದಿನ ಹೆಜ್ಜೆ ಮಾತ್ರ ದಾರಿ ತಪ್ಪಿತು. ಪರಿಹಾರ ಹಿಡಿಸದವರಲ್ಲಿ ಕೆಲವರು, ಪರಿಹಾರವನ್ನು ವಿರೋಧಿಸುವುದಕ್ಕಿಂತ ರೋಗವನ್ನೇ ಅಲ್ಲಗಳೆಯುವುದು ಸುಲಭವೆಂದು ಕಂಡುಕೊಂಡರು. 2002ರ ಸುಮಾರಿಗೆ ರಿಪಬ್ಲಿಕನ್ ಪಕ್ಷದ ಸಲಹೆಗಾರ ಫ್ರಾಂಕ್ ಲಂಟ್ಜ್ ಒಂದು ಟಿಪ್ಪಣಿ ಬರೆದರು. ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲವೆಂಬ ಭಾವನೆಯನ್ನು ಜನರಲ್ಲಿ ಉಳಿಸಿಕೊಳ್ಳಬೇಕೆಂಬುದು ಅದರಲ್ಲಿದ್ದ ಸಲಹೆ. 2019ರಲ್ಲಿ ಅದೇ ಲಂಟ್ಜ್ ಸೆನೆಟರುಗಳ ಸಮಿತಿಯೊಂದರ ಮುಂದೆ ಬಂದು ತಮ್ಮ ಅಂದಿನ ನಿಲುವು ತಪ್ಪಾಗಿತ್ತೆಂದು ಒಪ್ಪಿಕೊಂಡರು. ಆದರೆ ಆಡಿದ ಮಾತು ಆಗಲೇ ಊರೆಲ್ಲ ಸುತ್ತಿತ್ತು. ತೈಲ ವ್ಯಾಪಾರದ ದೊಡ್ಡ ಸಂಸ್ಥೆಯಾದ ಎಕ್ಸಾನ್‌ನ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಹಾಕಿದ್ದ ಲೆಕ್ಕಗಳು ಬಹುಮಟ್ಟಿಗೆ ಸರಿಯಾಗಿದ್ದವೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಒಳಗೆ ತಿಳಿದಿದ್ದ ಸಂಗತಿಯನ್ನು ಹೊರಗೆ ಬಹುಕಾಲ ಸಂದೇಹವೆಂದೇ ಬಿಂಬಿಸಲಾಯಿತು.

ಇದರ ಪರಿಣಾಮವಾಗಿ ವಿಜ್ಞಾನವನ್ನು ಒಪ್ಪುವುದೂ ಬಿಡುವುದೂ ಪಕ್ಷದ ಲಾಂಛನದಂತಾಯಿತು. ದಕ್ಷಿಣ ಕ್ಯಾರೊಲಿನಾದ ಬಾಬ್ ಇಂಗ್ಲಿಸ್ ಎಂಬ ರಿಪಬ್ಲಿಕನ್ ಪ್ರತಿನಿಧಿ ಮೊದಲು ಈ ವಿಷಯವನ್ನು ಹೆಚ್ಚಾಗಿ ಓದದೆಯೇ ತಳ್ಳಿಹಾಕುತ್ತಿದ್ದವರು. ಮುಂದೆ ಅಂಟಾರ್ಕ್ಟಿಕಾಕ್ಕೆ ಹೋಗಿ ವಿಜ್ಞಾನಿಗಳ ಕೆಲಸವನ್ನು ಕಣ್ಣಾರೆ ಕಂಡು ಅಭಿಪ್ರಾಯ ಬದಲಿಸಿದರು. 2010ರಲ್ಲಿ ಸ್ವಪಕ್ಷದ ಮತದಾರರೇ ಅವರನ್ನು ಸೋಲಿಸಿದರು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಈ ಮನಃಪರಿವರ್ತನೆ ಅವುಗಳಲ್ಲೊಂದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸಂಗತಿಯನ್ನು ನೋಡಿ ಮನಸ್ಸು ಬದಲಿಸುವುದು ಸದ್ಗುಣವೆನಿಸಬೇಕಾದ ಕಡೆ ದ್ರೋಹವೆನಿಸಿತು. ಇದಕ್ಕೆ ವಿರುದ್ಧವಾದ ಚಿತ್ರ 2015ರ ಫೆಬ್ರವರಿಯಲ್ಲಿ ಕಂಡಿತು. ಸೆನೆಟರ್ ಜೇಮ್ಸ್ ಇನ್‌ಹಾಫ್ ಹೊರಗೆ ಬಿದ್ದಿದ್ದ ಹಿಮವನ್ನು ಉಂಡೆಮಾಡಿ ಸಭೆಗೆ ತಂದು, ಇಷ್ಟು ಚಳಿಯಿರುವಾಗ ಭೂಮಿ ಬಿಸಿಯಾಗುತ್ತಿದೆಯೆಂಬ ಮಾತೇಕೆ ಎಂಬ ಧಾಟಿಯಲ್ಲಿ ಮಾತನಾಡಿದರು. ಒಂದು ದಿನದ ಹವೆ ಬೇರೆ, ಹಲವು ದಶಕಗಳ ವಾಯುಗುಣ ಬೇರೆ ಎಂಬುದನ್ನು ಭೂಗೋಳದ ಪಾಠ ಓದಿದ ಬಾಲಕನೂ ಬಲ್ಲನು. ಒಂದು ಮಳೆಯಿಂದ ಬರ ನೀಗಿತೆನ್ನುವ ರೈತನುಂಟೆ?

ಜನರು ವಿಜ್ಞಾನವನ್ನು ಓದಿಲ್ಲದಿರುವುದೇ ಇದಕ್ಕೆಲ್ಲ ಕಾರಣ, ಓದಿದರೆ ಸರಿಹೋಗುತ್ತದೆ ಎಂದು ತೋರಬಹುದು. ಸಂಗತಿ ಅಷ್ಟು ಸರಳವಾಗಿಲ್ಲ. ಡ್ಯಾನ್ ಕಹಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಜ್ಞಾನದ ತಿಳಿವಳಿಕೆಯೂ ಲೆಕ್ಕದ ಜಾಣ್ಮೆಯೂ ಹೆಚ್ಚಾಗಿದ್ದ ಅಮೆರಿಕನ್ನರಲ್ಲಿಯೇ ಈ ವಿಷಯದ ಒಡಕು ಹೆಚ್ಚಾಗಿ ಕಂಡುಬಂತು. ಜಾಣನಾದವನು ತನ್ನ ಗುಂಪಿನ ನಂಬಿಕೆಯನ್ನು ಸಮರ್ಥಿಸಲು ತನ್ನ ಜಾಣತನವನ್ನೇ ಬಳಸಿಕೊಳ್ಳುತ್ತಾನೆ. ವಿದ್ಯೆಯ ಜೊತೆಗೆ ನಿಷ್ಪಕ್ಷಪಾತ ಬುದ್ಧಿ ಇಲ್ಲದಿದ್ದರೆ ಆ ವಿದ್ಯೆ ವಕೀಲಿಕೆಯಾಗುತ್ತದೆಯೇ ಹೊರತು ವಿವೇಕವಾಗುವುದಿಲ್ಲ.

ಈ ದೋಷ ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಲೇಬೇಕು. ತನ್ನ ಪಕ್ಷ ಒಪ್ಪಿತೆಂಬ ಕಾರಣಕ್ಕೆ ಮಾತ್ರ ವಿಜ್ಞಾನವನ್ನು ಒಪ್ಪಿದವನು ಅದನ್ನು ನಿರಾಕರಿಸಿದವನಿಗಿಂತ ಹೆಚ್ಚು ವಿಚಾರವಂತನೇನೂ ಅಲ್ಲ. ಅವನ ಗುರಿ ಆಕಸ್ಮಿಕವಾಗಿ ಸರಿಯಾದ ಕಡೆಗೆ ಬಿದ್ದಿದೆ. ಪ್ರತಿಯೊಂದು ಬಿರುಗಾಳಿಗೂ ಪ್ರತಿಯೊಂದು ಮಳೆಗೂ ಇದೇ ಕಾರಣವೆಂದು ವಿಜ್ಞಾನಿಗಳು ಹೇಳದ ಮಾತನ್ನು ಹೇಳುವವನೂ ಅಳತೆಗೆ ಅಪಚಾರ ಮಾಡುತ್ತಾನೆ. ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲ ಗಣಿಯಲ್ಲಿ ತಲೆಮಾರುಗಳಿಂದ ದುಡಿದುಬಂದ ಕುಟುಂಬಗಳು, ಗಣಿ ಮುಚ್ಚಿದರೆ ತಮ್ಮ ಗತಿಯೇನೆಂದು ಕೇಳಿದಾಗ ಅವರನ್ನು ಅಜ್ಞಾನಿಗಳೆಂದು ಹೀಯಾಳಿಸುವುದು ಉತ್ತರವಾಗದು. ಅವರ ಪ್ರಶ್ನೆ ವಿಜ್ಞಾನದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಅನ್ನದ ಪ್ರಶ್ನೆಗೆ ಉತ್ತರ ದೊರೆಯದಿದ್ದಾಗ ಮನುಷ್ಯನು ವಿಜ್ಞಾನದ ಉತ್ತರಕ್ಕೂ ಕಿವಿ ಮುಚ್ಚಿಕೊಳ್ಳುತ್ತಾನೆ. ತಪ್ಪಿನ ಬೇರು ಎಷ್ಟೋ ಸಲ ಅಲ್ಲಿರುತ್ತದೆ.

ಹಾಗಾದರೆ ಸಂದೇಹಿಸುವುದೇ ತಪ್ಪೆ? ಎಂದಿಗೂ ಅಲ್ಲ. ಸಂದೇಹವೇ ವಿಜ್ಞಾನದ ತಾಯಿ. ಆದರೆ ಸಂದೇಹದಲ್ಲಿ ಎರಡು ಬಗೆಯುಂಟು. ಒಂದು, ಉತ್ತರವನ್ನು ಹುಡುಕುವ ಸಂದೇಹ. ಇನ್ನೊಂದು, ಉತ್ತರ ಬಾರದಿರಲೆಂದು ಹಾರೈಸುವ ಸಂದೇಹ. ಮೊದಲನೆಯದಕ್ಕೆ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಒಳ್ಳೆಯ ಉದಾಹರಣೆ. ಭೂಮಿಯ ಉಷ್ಣತೆಯ ದಾಖಲೆಗಳಲ್ಲಿ ದೋಷಗಳಿವೆಯೆಂದು ಅವರು ಶಂಕಿಸಿದರು. ನಗರಗಳ ಬಿಸಿ ಲೆಕ್ಕವನ್ನು ಕೆಡಿಸಿದೆಯೆ, ಅಳೆಯುವ ಕೇಂದ್ರಗಳ ಆಯ್ಕೆ ಸರಿಯಾಗಿದೆಯೆ ಎಂದು ಕೇಳಿದರು. ಕೇಳಿ ಸುಮ್ಮನಾಗದೆ, ಸಂಗಡಿಗರನ್ನು ಕೂಡಿಸಿಕೊಂಡು ಎಲ್ಲ ದಾಖಲೆಗಳನ್ನು ಮೊದಲಿನಿಂದ ಪರಿಶೀಲಿಸಿದರು. ಈ ಕಾರ್ಯಕ್ಕೆ ತೈಲೋದ್ಯಮದೊಡನೆ ಸಂಬಂಧವುಳ್ಳ ಪ್ರತಿಷ್ಠಾನವೊಂದರಿಂದಲೂ ಧನಸಹಾಯ ದೊರೆತಿತ್ತು. 2012ರಲ್ಲಿ ಅವರು ತಮ್ಮ ತೀರ್ಮಾನವನ್ನು ಬಹಿರಂಗವಾಗಿ ತಿಳಿಸಿದರು: ಭೂಮಿ ಬಿಸಿಯಾಗಿರುವುದು ನಿಜ; ಆ ಏರಿಕೆಗೆ ಬಹುತೇಕ ಸಂಪೂರ್ಣವಾಗಿ ಮಾನವನೇ ಕಾರಣ. ಸಂದೇಹಿಸಿದವನು ಅಳೆದು ನೋಡಿದನು. ಅಳತೆ ಹೇಳಿದ್ದನ್ನು ಒಪ್ಪಿದನು. ಇದಕ್ಕಿಂತ ಗೌರವದ ಸೋಲು ಬೇರೊಂದಿಲ್ಲ.

ಅಳತೆಯನ್ನು ಒಪ್ಪಿದವರೆಲ್ಲ ಒಂದೇ ಪರಿಹಾರವನ್ನು ಒಪ್ಪಬೇಕಾಗಿಲ್ಲ. ತೆರಿಗೆಯಿಂದ ತಿದ್ದಬೇಕೆನ್ನುವವರಿದ್ದಾರೆ, ಕಾನೂನಿನಿಂದ ತಡೆಯಬೇಕೆನ್ನುವವರಿದ್ದಾರೆ, ಹೊಸ ಯಂತ್ರಗಳೂ ಮಾರುಕಟ್ಟೆಯೂ ತಾವಾಗಿ ದಾರಿ ತೋರುವುವೆಂದು ನಂಬುವವರಿದ್ದಾರೆ. ಪರಮಾಣು ವಿದ್ಯುತ್ತು ಬೇಕೆ ಬೇಡವೆ ಎಂಬ ವಾದವಿದೆ. ಈ ವಾದಗಳೆಲ್ಲ ನಡೆಯಲಿ, ಪಕ್ಷಗಳಿರುವುದೇ ಅದಕ್ಕಾಗಿ. ರಿಪಬ್ಲಿಕನ್ನರ ಕೋಟೆಯಾದ ಟೆಕ್ಸಸ್ ರಾಜ್ಯ 1999ರಲ್ಲಿ ಕಾನೂನು ಮಾಡಿ ಗಾಳಿಯಂತ್ರಗಳಿಗೆ ಎಡೆಮಾಡಿಕೊಟ್ಟು, ಗಾಳಿಯಿಂದ ವಿದ್ಯುತ್ತು ತೆಗೆಯುವುದರಲ್ಲಿ ಆ ದೇಶಕ್ಕೆಲ್ಲ ಮೊದಲಿನದಾಯಿತು. ಅಲ್ಲಿನ ರೈತನು ತನ್ನ ಹೊಲದ ಮೂಲೆಯನ್ನು ಗಾಳಿಯಂತ್ರಕ್ಕೆ ಬಾಡಿಗೆಗೆ ಕೊಡುವಾಗ ಪಕ್ಷದ ಲಾಂಛನವನ್ನು ಕೇಳುವುದಿಲ್ಲ. ವಾದದ ಬಿಸಿ ತಣಿದ ಕಡೆಯಲ್ಲಿ ಕೆಲಸ ಸಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಹಾಗೆ ಸಾಗದ ಕಡೆ ಆಗುವ ನಷ್ಟ ಕಾಲದ್ದು. 2015ರ ಪ್ಯಾರಿಸ್ ಒಪ್ಪಂದಕ್ಕೆ ಅಮೆರಿಕ ಸೇರಿತು, 2020ರಲ್ಲಿ ಹೊರಬಂತು, 2021ರಲ್ಲಿ ಮರಳಿ ಸೇರಿತು, 2025ರ ಜನವರಿಯಲ್ಲಿ ಮತ್ತೆ ಹೊರಬರುವ ಆದೇಶ ಹೊರಟಿತು. ಅಧ್ಯಕ್ಷರು ಬದಲಾದಂತೆ ನೀತಿ ಬದಲಾಯಿತು. ಆದರೆ ಮೌನಾ ಲೋವಾದ ರೇಖೆ ಯಾವ ಚುನಾವಣೆಯ ಫಲಿತಾಂಶಕ್ಕಾಗಿಯೂ ಕಾಯಲಿಲ್ಲ. ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ಇಂದು ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್‌ನಲ್ಲಿ ಗಣನೀಯವಾದ ಒಂದು ಭಾಗ ಶತಮಾನಗಳ ಕಾಲ ಅಲ್ಲಿಯೇ ಉಳಿಯುತ್ತದೆ. ಅದಕ್ಕೆ ದೇಶದ ಗಡಿಯೂ ಇಲ್ಲ. ಒಂದು ಖಂಡದ ಹೊಗೆ ಕೆಲವೇ ಕಾಲದಲ್ಲಿ ಇಡೀ ಭೂಮಂಡಲದ ಗಾಳಿಯಲ್ಲಿ ಬೆರೆಯುತ್ತದೆ. ವಾಷಿಂಗ್ಟನ್ನಿನ ಸಭಾಭವನದಲ್ಲಿ ಕಳೆದುಹೋದ ಹತ್ತು ವರ್ಷಗಳ ಬೆಲೆಯನ್ನು ಅಲ್ಲಿ ಎಂದೂ ಮತ ಹಾಕದ ಜನರೂ ತೆರಬೇಕಾಗುತ್ತದೆ.

ಇಂದು ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವ ಬಾಲಕ ಬಾಲಕಿಯರು 2050ರಲ್ಲಿ ನಲವತ್ತರ ಆಸುಪಾಸಿನಲ್ಲಿರುತ್ತಾರೆ. ಅದಕ್ಕೆ ಬಹಳ ಮೊದಲೇ ಅವರ ಕೈಗೆ ಮತದಾನದ ಹಕ್ಕು ಬಂದಿರುತ್ತದೆ. ಅವರಲ್ಲಿ ಪಕ್ಷಗಳಿರುತ್ತವೆ, ವಾದಗಳಿರುತ್ತವೆ, ಗೆಲವು ಸೋಲುಗಳಿರುತ್ತವೆ, ಇರಲೂಬೇಕು. ತನ್ನ ಪಕ್ಷದವನು ತಪ್ಪು ಲೆಕ್ಕ ಹೇಳಿದಾಗ ಅದು ತಪ್ಪೆನ್ನುವ, ಎದುರು ಪಕ್ಷದವನು ಸರಿಯಾದ ಅಳತೆ ತೋರಿಸಿದಾಗ ಅದು ಸರಿಯೆನ್ನುವ ಧೈರ್ಯವನ್ನು ಅವರು ಈಗಿನಿಂದಲೇ ಬೆಳೆಸಿಕೊಳ್ಳಬೇಕು. ಪ್ರಜಾಪ್ರಭುತ್ವದಲ್ಲಿ ಅಭಿಪ್ರಾಯ ಪ್ರತಿಯೊಬ್ಬನ ಸ್ವಂತ ಆಸ್ತಿ. ಅಳತೆ ಮಾತ್ರ ಎಲ್ಲರ ಸೊತ್ತು. ಅದನ್ನು ಕೆಡದಂತೆ ಕಾಯುವ ಹೊಣೆಯೂ ಎಲ್ಲರದು.